ಸೈಟಿನ ಬೆಲೆ ಬೆಂಗಳೂರಿನದು, ಬಾಡಿಗೆ ಕೆಜಿಎಫ್‌ನದು

ಮಾಲೂರು ದಾಟಿ ಬಂಗಾರಪೇಟೆ ಕಡೆಗೆ ಹೊರಟರೆ ರಾಗಿ ಹೊಲಕ್ಕಿಂತ ಮೊದಲು ಲೇಔಟಿನ ಬೋರ್ಡುಗಳೇ ಕಣ್ಣಿಗೆ ಬೀಳುತ್ತವೆ. ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇಗೆ ಹತ್ತು ನಿಮಿಷ, ನರಸಾಪುರದ ಕಾರ್ಖಾನೆಗಳಿಗೆ ಅರ್ಧ ಗಂಟೆ, ಇವತ್ತೇ ಬುಕ್ ಮಾಡಿ ಎನ್ನುವ ಬೋರ್ಡುಗಳು. ಅವುಗಳ ಮುಂದೆ ಕಾರು ನಿಲ್ಲಿಸಿ ವಿಚಾರಿಸುವವರು ಹಲವು ಬಗೆ. ಬೆಮಲ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ, ಕೈಗೆ ಬಂದ ಪಿಎಫ್ ಹಣಕ್ಕೆ ದಾರಿ ಹುಡುಕುವವರು ಇದ್ದಾರೆ. ಕೆಜಿಎಫ್‌ನಲ್ಲಿ ಹುಟ್ಟಿ ಬೆಂಗಳೂರಲ್ಲೋ ದುಬೈಯಲ್ಲೋ ನೆಲೆಸಿ, ಊರಲ್ಲಿ ತಮ್ಮದೊಂದು ಮನೆ ಇರಲಿ ಎನ್ನುವವರು ಇದ್ದಾರೆ. ವೈಟ್‌ಫೀಲ್ಡಿನಲ್ಲಿ ಫ್ಲ್ಯಾಟಿನ ಬೆಲೆ ಕೇಳಿ ಸುಸ್ತಾಗಿ ಪೂರ್ವಕ್ಕೆ ಹೊರಟ ಸಾಫ್ಟ್‌ವೇರ್ ದಂಪತಿಗಳೂ ಇದ್ದಾರೆ. ಎಲ್ಲರೂ ಕೇಳುವುದು ಒಂದನ್ನೇ: ಇಲ್ಲಿ ಮೂವತ್ತು, ನಲವತ್ತು ಲಕ್ಷ ಹಾಕಿದರೆ ತಿಂಗಳಿಗೆ ಬಾಡಿಗೆ ಎಷ್ಟು ಬರುತ್ತದೆ?

ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಈ ಸೀಮೆಯ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಇಲ್ಲಿ ಜಾಗದ ಬೆಲೆ ಏರುವುದು ಬೆಂಗಳೂರು ಬೆಳೆಯುತ್ತದೆ ಎಂಬ ನಿರೀಕ್ಷೆಯ ಮೇಲೆ. ಬಾಡಿಗೆ ನಿಲ್ಲುವುದು ಇಲ್ಲಿ ರಾತ್ರಿ ಮಲಗಿ ಬೆಳಿಗ್ಗೆ ಕೆಲಸಕ್ಕೆ ಹೋಗುವವರ ಸಂಬಳದ ಮೇಲೆ. ನಿರೀಕ್ಷೆ ಒಂದೇ ವರ್ಷದಲ್ಲಿ ದುಪ್ಪಟ್ಟಾಗಬಹುದು, ಸಂಬಳ ಹಾಗೆ ಏರುವುದಿಲ್ಲ. ಇವೆರಡರ ನಡುವಿನ ಅಂತರ ಎಲ್ಲಿ ಕಡಿಮೆಯೋ ಅಲ್ಲಿ ಬಾಡಿಗೆ ಆಸ್ತಿ ಅರ್ಥವುಳ್ಳದ್ದು. ಅಂತರ ದೊಡ್ಡದಾದಲ್ಲಿ ಕೊಳ್ಳುವವರು ಬಾಡಿಗೆಯ ಹೆಸರು ಹೇಳಿ ಬೆಲೆ ಏರುವುದನ್ನು ಕಾಯುತ್ತಿದ್ದಾರೆ ಎಂದೇ ತಿಳಿಯಬೇಕು. ಕೆಜಿಎಫ್ ಮತ್ತು ಬಂಗಾರಪೇಟೆಯ ನಡುವೆ ಇರುವುದು ಹದಿನೈದು ಕಿಲೋಮೀಟರಿನಷ್ಟು ದಾರಿ. ಅಷ್ಟರಲ್ಲೇ ಈ ಅಂತರ ಬೀದಿಯಿಂದ ಬೀದಿಗೆ ಬದಲಾಗುತ್ತದೆ.

ಕಾರಣ ಇತಿಹಾಸದಲ್ಲಿದೆ. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ರೈಲು ಬಂದಾಗ ನಡುವಿನ ಒಂದು ನಿಲ್ದಾಣಕ್ಕೆ ಮೈಸೂರಿನ ಕಮಿಷನರ್ ಬೌರಿಂಗ್ ಅವರ ಹೆಸರಿಟ್ಟರು. ಆ ಬೌರಿಂಗ್‌ಪೇಟೆಯೇ ಇಂದಿನ ಬಂಗಾರಪೇಟೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಚಿನ್ನದ ಗಣಿಗಳನ್ನು ಕೈಗೆತ್ತಿಕೊಂಡಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂವರೆಗೆ ಕವಲು ದಾರಿ ಹಾಕಲಾಯಿತು. ಶಿವನಸಮುದ್ರದಿಂದ ವಿದ್ಯುತ್ ಬಂದದ್ದು 1902ರಲ್ಲಿ. ಗಣಿ ಕಂಪನಿ ತನ್ನ ಕೂಲಿಗಳಿಗೆ ತಾನೇ ಸಾಲುಮನೆ ಕಟ್ಟಿಸಿತು. ಅಧಿಕಾರಿಗಳಿಗೆ ಬಂಗಲೆ, ಗುಮಾಸ್ತರಿಗೆ ಕ್ವಾರ್ಟರ್ಸ್. ಗಣಿ ಪ್ರದೇಶದೊಳಗೆ ಬೇರೆಯವರು ಮನೆ ಕಟ್ಟುವಂತಿರಲಿಲ್ಲ. ವ್ಯಾಪಾರಿಗಳು, ಮೇಸ್ತ್ರಿಗಳು, ಬಡ್ಡಿ ವ್ಯವಹಾರದವರು, ದರ್ಜಿಗಳು ನೆಲೆಯೂರಿದ್ದು ಗಣಿ ಎಲ್ಲೆಯ ಹೊರಗೆ ಮೈಸೂರು ಸರ್ಕಾರದ ಜಾಗದಲ್ಲಿ ಎದ್ದ ಪೇಟೆಗಳಲ್ಲಿ. ಬ್ರಿಟಿಷ್ ರೆಸಿಡೆಂಟ್ ಸರ್ ಡೊನಾಲ್ಡ್ ರಾಬರ್ಟ್‌ಸನ್ ಹೆಸರಿನ ರಾಬರ್ಟ್‌ಸನ್‌ಪೇಟೆ, ಅದರಾಚೆಗೆ ಆಂಡರ್‌ಸನ್‌ಪೇಟೆ ಹಾಗೆ ಬೆಳೆದವು. ಹೀಗಾಗಿ ಕೆಜಿಎಫ್‌ನಲ್ಲಿ ಮೊದಲಿನಿಂದಲೂ ಕಂಪನಿಯ ನೆಲ ಬೇರೆ, ಪೇಟೆಯ ನೆಲ ಬೇರೆ. ನೂರಿಪ್ಪತ್ತು ವರ್ಷ ಹಿಂದಿನ ಆ ಗೆರೆ ಇವತ್ತೂ ಯಾವುದನ್ನು ಕೊಳ್ಳಬಹುದು, ಯಾವುದನ್ನು ಕೊಳ್ಳಲಾಗದು ಎಂಬುದನ್ನು ತೀರ್ಮಾನಿಸುತ್ತದೆ.

2001ರ ಫೆಬ್ರವರಿ 28ರಂದು, ಆಗ ಗಣಿಗಳನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್, ಅಂದರೆ ಬಿಜಿಎಂಎಲ್, ಬಾಗಿಲು ಮುಚ್ಚಿತು. ಊರು ಖಾಲಿಯಾಗುತ್ತದೆ ಎಂದು ಹೇಳಿದವರು ಬಹಳ. ಊರು ಖಾಲಿಯಾಗಲಿಲ್ಲ. 2011ರ ಜನಗಣತಿಯಲ್ಲೂ ನಗರದ ಜನಸಂಖ್ಯೆ 1.6 ಲಕ್ಷದ ಆಸುಪಾಸಿನಲ್ಲೇ ಇತ್ತು. ಊರನ್ನು ಉಳಿಸಿದ್ದು ರೈಲು. ಬೆಳಗಿನ ಜಾವ ಮಾರಿಕುಪ್ಪಂ, ಚಾಂಪಿಯನ್ ರೀಫ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಹತ್ತಿದ ಗಣಿ ಕಾರ್ಮಿಕರ ಮಕ್ಕಳು ಬೆಂಗಳೂರಿನ ಆಸ್ಪತ್ರೆ, ಮಾಲ್, ಗಾರ್ಮೆಂಟ್ಸ್, ಕಟ್ಟಡ ಕೆಲಸಗಳಿಗೆ ಹೋಗಿ ರಾತ್ರಿ ಹಿಂದಿರುಗುತ್ತಾರೆ. ತಿಂಗಳ ಪಾಸಿಗೆ ಕೆಲವು ನೂರು ರೂಪಾಯಿ. ಕೆ.ಆರ್. ಪುರದಲ್ಲಿ ಒಂದು ಸಣ್ಣ ಮನೆಗೆ ಕೊಡಬೇಕಾದ ಬಾಡಿಗೆಯನ್ನು ಈ ಪಾಸಿನ ಪಕ್ಕದಲ್ಲಿಟ್ಟು ನೋಡಿದರೆ ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ದಿನಕ್ಕೆ ನಾಲ್ಕೈದು ಗಂಟೆ ರೈಲಿನಲ್ಲಿ ಕಳೆಯಲು ಜನ ಏಕೆ ಒಪ್ಪಿದರೆಂದು ತಿಳಿಯುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯ ಬಸ್ಸುಗಳು ಹೆಣ್ಣುಮಕ್ಕಳಿಗೆ ಇದೇ ದಾರಿಯನ್ನು ಇನ್ನಷ್ಟು ಸುಲಭ ಮಾಡಿದವು. ಕೆಜಿಎಫ್‌ನ ಬಾಡಿಗೆಗೆ ಆಧಾರ ಈ ಓಡಾಟ. ಬೆಂಗಳೂರಿನ ಬಾಡಿಗೆ ತಪ್ಪಿಸಿಕೊಳ್ಳಲೆಂದೇ ಇಲ್ಲಿ ಉಳಿದವರಿಂದ ಬೆಂಗಳೂರಿನಂಥ ಬಾಡಿಗೆ ಹುಟ್ಟುವುದಿಲ್ಲ.

ಇನ್ನು ಕಂಪನಿಯ ಲೈನುಗಳು. ಹೊರಗಿನವರಿಗೆ ಕೆಜಿಎಫ್‌ನಲ್ಲಿ ಅತಿ ಕಡಿಮೆ ಬೆಲೆಗೆ ತೋರಿಸುವ ಮನೆಗಳು ಇವೇ, ಆದ್ದರಿಂದ ಇವುಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಒಂದು ಲೈನ್ ಎಂದರೆ ಗೋಡೆಗೆ ಗೋಡೆ ಹೊಂದಿಕೊಂಡ ಮನೆಗಳ ಸಾಲು. ಮೂಲದಲ್ಲಿ ಇದ್ದದ್ದು ಒಂದು ಕೋಣೆ, ಮುಂದೆ ಚಿಕ್ಕ ಜಾಗ, ತಲೆ ಬಗ್ಗಿಸಿ ಒಳಗೆ ಹೋಗಬೇಕಾದ ಬಾಗಿಲು, ಮೇಲೆ ತಗಡು. ನಲ್ಲಿ, ಶೌಚಾಲಯ ಎಲ್ಲರಿಗೂ ಸೇರಿ ಹೊರಗೆ. ಗಣಿ ಮುಚ್ಚಿದ ಮೇಲೆ ಒಳಗಿದ್ದವರು ತಮ್ಮ ಕೈಲಾದಷ್ಟು ಇಟ್ಟಿಗೆ ಇಟ್ಟು ಮುಂದಕ್ಕೊಂದು ಕೋಣೆ, ಹಿಂದಕ್ಕೊಂದು ಅಡುಗೆಮನೆ ಕೂಡಿಸಿಕೊಂಡರು. ಗೋಡೆಗೆ ಬಣ್ಣ, ನೆಲಕ್ಕೆ ಟೈಲ್ಸ್, ಬಾಗಿಲಿಗೆ ಗ್ರಿಲ್ ಬಂದವು. ಮನೆ ಅವರ ದುಡಿಮೆಯದು, ಮೂರು ತಲೆಮಾರಿನದು. ನೆಲದ ಕಾಗದ ಮಾತ್ರ ಎಷ್ಟೋ ಕಡೆ ಇಂದಿಗೂ ಬಿಜಿಎಂಎಲ್ ಹೆಸರಿನಲ್ಲಿದೆ.

ಇಂಥ ಮನೆಯನ್ನು ಸ್ಟಾಂಪ್ ಪೇಪರಿನ ಮೇಲೆ ಕರಾರು ಬರೆಸಿ, ನೋಟರಿ ಸಹಿ ಹಾಕಿಸಿ ಕೊಂಡವರಿಗೆ ಸಿಗುವುದು ಸ್ವಾಧೀನ, ಹಕ್ಕಲ್ಲ. ಜಿಪಿಎ, ಅಗ್ರಿಮೆಂಟು, ವಿಲ್ಲುಗಳ ಮೂಲಕ ಆಸ್ತಿಯ ಒಡೆತನ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಮಾರುವವರ ಹೆಸರಿಗೆ ನೋಂದಣಿಯಾದ ಪತ್ರ, ಅವರ ಹೆಸರಿನ ಖಾತೆ ಎರಡೂ ಇಲ್ಲದ ಮನೆಗೆ ಬ್ಯಾಂಕು ಸಾಲ ಕೊಡದು, ನಾಳೆ ನೀವೂ ಮಾರಲಾರಿರಿ. ಅದಕ್ಕಿಂತ ದೊಡ್ಡ ಮಾತು ಒಂದಿದೆ. ಕಷ್ಟ ಬಂದಾಗ, ಮಗಳ ಮದುವೆಗೆ, ಆಸ್ಪತ್ರೆ ಖರ್ಚಿಗೆ ಲೈನಿನ ಮನೆಯನ್ನು ಬಿಟ್ಟುಕೊಡುವ ಕುಟುಂಬಕ್ಕೆ ಬೇರೆ ಸೂರಿರುವುದಿಲ್ಲ. ಮುಂದೆ ಹಕ್ಕುಪತ್ರ ಸಿಗುವ ಕಾಲ ಬಂದರೆ ಅದು ಯಾರ ಹೆಸರಿಗೆ ಬರಬೇಕಿತ್ತೋ ಅವರು ಆಗ ಆ ಮನೆಯಲ್ಲಿ ಇರುವುದೇ ಇಲ್ಲ. ಹೂಡಿಕೆಯ ಹೆಸರಿನಲ್ಲಿ ಇದರಲ್ಲಿ ಪಾಲ್ಗೊಳ್ಳುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ.

ಗಣಿಯ ತ್ಯಾಜ್ಯ ಮಣ್ಣಿನ ಸೈನೈಡ್ ಗುಡ್ಡಗಳ ಸುದ್ದಿಯೂ ಆಗಾಗ ಈ ಪ್ರದೇಶದ ಬೆಲೆ ಕುಣಿಸುತ್ತದೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ 13 ಗುಡ್ಡಗಳಿರುವ ಸುಮಾರು 1,003 ಎಕರೆಯಲ್ಲಿ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಗಣಿ ಮತ್ತೆ ಶುರುವಾಗುತ್ತದೆ, ಬಾಡಿಗೆ ಏರುತ್ತದೆ ಎಂದು ಮಾತು ಹಬ್ಬಿತು. ಆದರೆ ಗುಡ್ಡದ ಮಣ್ಣನ್ನು ಮತ್ತೆ ಸಂಸ್ಕರಿಸುವುದು ಯಂತ್ರಗಳ ಕೆಲಸ. ಒಂದು ಕಾಲಕ್ಕೆ ನೆಲದಡಿ ಸಾವಿರ ಸಾವಿರ ಜನ ಇಳಿಯುತ್ತಿದ್ದ ದಿನಗಳಿಗೆ ಅದನ್ನು ಹೋಲಿಸಲಾಗದು. ಆ ಸುದ್ದಿ ನಂಬಿ ಮನೆ ಕಟ್ಟುವವರು ಆಷಾಢದ ಗಾಳಿಗೆ ಗುಡ್ಡದ ದೂಳು ಯಾವ ಬೀದಿಗೆ ಬಂದು ಬೀಳುತ್ತದೆ ಎಂದು ನೋಡಿಕೊಳ್ಳುವುದು ಹೆಚ್ಚು ಉಪಯೋಗದ್ದು. ಬಾಡಿಗೆಗೆ ಬರುವ ತಾಯಂದಿರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು. ಚಾಂಪಿಯನ್ ರೀಫ್ ಸುತ್ತ ಹಳೆಯ ಸುರಂಗಗಳ ಮೇಲಿನ ನೆಲದಲ್ಲಿ ಎರಡು, ಮೂರು ಅಂತಸ್ತು ಎತ್ತುವ ಮೊದಲು ಎಂಜಿನಿಯರಿಗೆ ತೋರಿಸಬೇಕು. ಗಣಿ ನಡೆಯುತ್ತಿದ್ದ ಕಾಲದಲ್ಲಿ ಬಂಡೆ ಸಿಡಿತಗಳಿಂದ ಮೇಲಿನ ಮನೆಗಳ ಗೋಡೆ ಬಿರುಕು ಬಿಟ್ಟದ್ದನ್ನು ಅಲ್ಲಿನ ಹಿರಿಯರು ಬಲ್ಲರು.

ರಾಬರ್ಟ್‌ಸನ್‌ಪೇಟೆಯ ಕತೆ ಬೇರೆ. ಗೆರೆ ಎಳೆದಂತೆ ನೇರ ಬೀದಿಗಳು, ಅಡ್ಡ ರಸ್ತೆಗಳು, ಹಳೆಯ ಪತ್ರಗಳು. ಪ್ರಿಚರ್ಡ್ ರಸ್ತೆ, ಗೀತಾ ರಸ್ತೆ, ಮಾರುಕಟ್ಟೆ ಸುತ್ತಮುತ್ತ ಮಳಿಗೆಗಳಿಗೆ ಬೇಡಿಕೆ ಎಂದೂ ಬತ್ತಿದ್ದಿಲ್ಲ. ಸುತ್ತಲಿನ ಹಳ್ಳಿಗಳಿಗೂ, ಗಡಿಯಾಚೆಯ ಆಂಧ್ರದ ಊರುಗಳಿಗೂ ಇದೇ ಬಟ್ಟೆ, ಬಂಗಾರ, ಪಾತ್ರೆಯ ಪೇಟೆ. ಆದರೆ ಇಲ್ಲಿನ ಆಸ್ತಿಗಳು ತಂದೆಯ ಕಾಲದಲ್ಲಿ ಪಾಲಾಗದೆ ಉಳಿದು ಈಗ ಏಳೆಂಟು ಜನ ವಾರಸುದಾರರಿಗೆ ಸೇರಿರುತ್ತವೆ, ಅವರಲ್ಲಿ ಇಬ್ಬರು ಚೆನ್ನೈಯಲ್ಲಿ, ಒಬ್ಬರು ಆಸ್ಟ್ರೇಲಿಯಾದಲ್ಲಿ. ಎಲ್ಲರ ಸಹಿ ಇಲ್ಲದೆ ಮುಂಗಡ ಕೊಟ್ಟವರು ವರ್ಷಗಟ್ಟಲೆ ಕೋರ್ಟು ಅಲೆಯುತ್ತಾರೆ. ಕೆಳಗೆ ಮಳಿಗೆ, ಮೇಲೆ ಮನೆ ಇರುವ ಕಟ್ಟಡವೊಂದು ಶುದ್ಧ ಕಾಗದದೊಂದಿಗೆ ಸಿಕ್ಕರೆ ಕೆಜಿಎಫ್‌ನಲ್ಲಿ ಅದಕ್ಕಿಂತ ಒಳ್ಳೆಯ ಬಾಡಿಗೆ ಆಸ್ತಿ ಇಲ್ಲ. ಆಂಡರ್‌ಸನ್‌ಪೇಟೆಯಲ್ಲಿ ಬೆಲೆಯೂ ಕಡಿಮೆ, ಬಾಡಿಗೆಯೂ ಕಡಿಮೆ. ಬಾಡಿಗೆದಾರರು ಹೆಚ್ಚು ಕಾಲ ಉಳಿಯುತ್ತಾರೆ.

ಬೆಮಲ್ 1964ರಲ್ಲಿ ಹುಟ್ಟಿದ ಕಂಪನಿ, ಅದರ ಮಣ್ಣು ಅಗೆಯುವ ಯಂತ್ರಗಳ ಕಾರ್ಖಾನೆ ಇಲ್ಲಿದೆ. ಬೆಮಲ್ ನಗರದ ಸುತ್ತಿನ ಬಡಾವಣೆಗಳಲ್ಲಿ ಕೆಲಸಗಾರರು, ಗುತ್ತಿಗೆಯವರು, ಅಪ್ರೆಂಟಿಸ್ ಹುಡುಗರು ಬಾಡಿಗೆಗೆ ಬರುತ್ತಾರೆ. ಊರಿಗಾಂನಲ್ಲಿರುವ ಡಾ. ಟಿ. ತಿಮ್ಮಯ್ಯ ತಾಂತ್ರಿಕ ಕಾಲೇಜಿನಿಂದ ಒಂದಷ್ಟು ವಿದ್ಯಾರ್ಥಿಗಳು. ಸಂಬಳ ತಪ್ಪದ ಬಾಡಿಗೆದಾರರು ಬೇಕೆನ್ನುವವರಿಗೆ ಇದು ಒಳ್ಳೆಯ ಪ್ರದೇಶ, ಆದರೆ ಸಂಖ್ಯೆಯಲ್ಲಿ ಮಿತಿ ಇದೆ. ಬೆಮಲ್ ಬಳಸದೆ ಬಿಟ್ಟಿದ್ದ 900ಕ್ಕೂ ಹೆಚ್ಚು ಎಕರೆಯನ್ನು ಕೈಗಾರಿಕಾ ಪ್ರದೇಶಕ್ಕೆ ತೆಗೆದುಕೊಳ್ಳುವ ಪ್ರಯತ್ನ ರಾಜ್ಯ ಸರ್ಕಾರದ್ದು. ಅಲ್ಲಿ ಕಾರ್ಖಾನೆಯ ಸೈರನ್ ಕೂಗಿದ ಮೇಲೆ ಲೆಕ್ಕ ಬದಲಾಗಬಹುದು. ಸೈರನ್ನಿಗೆ ಮೊದಲೇ ಅದರ ಬೆಲೆ ಕೊಡುವುದು ಬೇಡ.

ಬಾಡಿಗೆಯ ದೃಷ್ಟಿಯಿಂದ ನನಗೆ ಬಂಗಾರಪೇಟೆಯೇ ಗಟ್ಟಿ ಎನಿಸುತ್ತದೆ. 2011ರಲ್ಲಿ ಸುಮಾರು 45 ಸಾವಿರ ಜನರ ಪಟ್ಟಣ, ಕೆಜಿಎಫ್‌ನ ಕಾಲುಭಾಗಕ್ಕಿಂತ ತುಸು ಹೆಚ್ಚು. ಆದರೆ ಇದು ಜಂಕ್ಷನ್. ಚೆನ್ನೈ ಕಡೆಯ ಮುಖ್ಯ ಮಾರ್ಗ, ಮಾರಿಕುಪ್ಪಂ ಕವಲು, ಕೋಲಾರ ಕವಲು ಮೂರೂ ಇಲ್ಲಿ ಸೇರುತ್ತವೆ. ಮಾರಿಕುಪ್ಪಂನವರು ಅಲ್ಲಿನ ರೈಲಿಗೆ ಕಾಯಬೇಕು, ಇಲ್ಲಿನವರಿಗೆ ಒಂದು ತಪ್ಪಿದರೆ ಇನ್ನೊಂದು ಸಿಗುತ್ತದೆ. ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದ ಮನೆ ಖಾಲಿ ಬಿದ್ದರೆ ಬೋರ್ಡು ಹಾಕುವ ಮೊದಲೇ ಯಾರಾದರೂ ಬಂದು ಕೇಳುತ್ತಾರೆ. ಇದರ ಜೊತೆಗೆ ರೈಲ್ವೆ ನೌಕರರು, ಶಾಲಾ ಶಿಕ್ಷಕರು, ತಾಲ್ಲೂಕು ಕಚೇರಿಯವರು, ಅಕ್ಕಿ ಗಿರಣಿಗಳ ಕೆಲಸಗಾರರು ಇದ್ದಾರೆ. ನರಸಾಪುರ, ವೇಮಗಲ್ಲಿನ ಕಾರ್ಖಾನೆಗಳ ಬಸ್ಸು ಹತ್ತುವ ಹುಡುಗ ಹುಡುಗಿಯರೂ ಸೇರಿಕೊಂಡಿದ್ದಾರೆ. 2013ರಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ, ಆಮೇಲೆ ವಿಸ್ಟ್ರಾನ್ ಶುರು ಮಾಡಿ 2023ರಲ್ಲಿ ಟಾಟಾ ಕೈಗೆ ಬಂದ ಐಫೋನ್ ಕಾರ್ಖಾನೆ, ಇವು ಕೋಲಾರ ಜಿಲ್ಲೆಯಲ್ಲಿ ತಿಂಗಳ ಸಂಬಳದ ಹೊಸ ಪೀಳಿಗೆಯನ್ನೇ ಹುಟ್ಟಿಸಿವೆ. ಕಂಪನಿ ಬಸ್ಸು ಎಲ್ಲಿ ನಿಲ್ಲುತ್ತದೋ ಅಲ್ಲಿ ಬಾಡಿಗೆ ಮನೆ ತುಂಬುತ್ತದೆ. ಕೋಲಾರ ರಸ್ತೆ, ಬೂದಿಕೋಟೆ ರಸ್ತೆ, ಕೆಜಿಎಫ್ ರಸ್ತೆಗಳಲ್ಲಿ ಮನೆ ಹುಡುಕುವ ಮೊದಲು ಆ ನಿಲ್ದಾಣಗಳನ್ನು ಬೆಳಿಗ್ಗೆ ಆರಕ್ಕೆ ಒಮ್ಮೆ ನೋಡಿ ಬರಬೇಕು. ಸಂಜೆ ಹೊತ್ತು ಪಾನಿಪುರಿ ಅಂಗಡಿಗಳ ಮುಂದಿನ ಜನಜಂಗುಳಿಯೂ ಒಂದು ಲೆಕ್ಕವೇ. ಬಿಳಿ ನೀರಿನ ಪಾನಿಪುರಿ ತಿನ್ನಲೆಂದೇ ಬೇರೆ ಊರಿನಿಂದ ಜನ ಬರುತ್ತಾರೆ, ಆ ಬೀದಿಗಳ ಎಂಟಡಿ ಮಳಿಗೆಗೆ ಚದರಡಿ ಲೆಕ್ಕದಲ್ಲಿ ಬರುವ ಬಾಡಿಗೆ ಹಿಂದಿನ ಬೀದಿಯ ಮನೆಗೆ ಬಾರದು.

ಎಕ್ಸ್‌ಪ್ರೆಸ್‌ವೇ ಬದಿಯ ಲೇಔಟುಗಳಲ್ಲಿ ಇವತ್ತಿನ ಮಟ್ಟಿಗೆ ಬಾಡಿಗೆ ಎಂಬುದೇ ಇಲ್ಲ. ಹೊಸಕೋಟೆಯಿಂದ ಬೇತಮಂಗಲದವರೆಗಿನ ಸುಮಾರು 70 ಕಿಲೋಮೀಟರ್ 2024ರ ಕೊನೆಯ ಹೊತ್ತಿಗೆ ಸಂಚಾರಕ್ಕೆ ತೆರೆದುಕೊಂಡಿತು. ರಸ್ತೆ ಚೆನ್ನಾಗಿದೆ. ಆದರೆ ಅದಕ್ಕೆ ಎಲ್ಲೆಂದರಲ್ಲಿ ಹತ್ತುವಂತಿಲ್ಲ, ಇಂಟರ್‌ಚೇಂಜ್ ಇರುವಲ್ಲಿ ಮಾತ್ರ. ಬೈಕು, ಆಟೊಗಳಿಗೆ ಅದರ ಮೇಲೆ ಜಾಗವಿಲ್ಲ. ಹೊಲದ ಅಂಚಿನಲ್ಲಿ ರಸ್ತೆ ಕಾಣುತ್ತದೆ, ಅದರ ಮೇಲೆ ಹೋಗಬೇಕಾದರೆ ಹಲವು ಕಿಲೋಮೀಟರ್ ಸುತ್ತಬೇಕು. ಬಾಡಿಗೆಗೆ ಬರುವ ಕುಟುಂಬಕ್ಕೆ ಬೇಕಾದ್ದು ಶಾಲೆ, ಕಿರಾಣಿ ಅಂಗಡಿ, ಬಸ್ಸು, ರಾತ್ರಿ ಒಂಬತ್ತಕ್ಕೂ ದೀಪ ಉರಿಯುವ ದಾರಿ. ಅವು ಬರುವವರೆಗೆ ಆ ಸೈಟು ಕಾಯುವ ಆಸ್ತಿ. ಕಾಯುವ ಶಕ್ತಿ ಇದ್ದವರು ಕೊಳ್ಳಲಿ, ತಿಂಗಳ ಆದಾಯ ಬೇಕಾದ ನಿವೃತ್ತರು ಅತ್ತ ಹೋಗುವುದು ಬೇಡ.

ಈಗ ಅಂಕಿಗೆ ಬರೋಣ. ಲೆಕ್ಕ ತೋರಿಸಲು ಮಾತ್ರ ಹಿಡಿದ ಮೊತ್ತಗಳಿವು, ನಿಮ್ಮ ಬೀದಿಯ ಮೊತ್ತ ಹಾಕಿ ನೀವೇ ನೋಡಿ. 30x40 ಸೈಟಿನಲ್ಲಿ ಕೆಳಗೆ ಮೇಲೆ ಸೇರಿ ಮೂರು ಪೋರ್ಷನ್ ಇರುವ ಕಟ್ಟಡಕ್ಕೆ ಜಾಗ, ಕಟ್ಟುವ ಖರ್ಚು ಎಲ್ಲ ಕೂಡಿ 40 ಲಕ್ಷ ಎಂದಿಟ್ಟುಕೊಳ್ಳಿ. ಒಂದೊಂದು ಪೋರ್ಷನ್ನಿಗೆ 6,000 ರೂಪಾಯಿ, ತಿಂಗಳಿಗೆ 18,000, ವರ್ಷಕ್ಕೆ 2,16,000. ಮನೆಗಳು ಸರಾಸರಿ ಒಂದು ತಿಂಗಳು ಖಾಲಿ ಇದ್ದರೆ 1,98,000. ಕಂದಾಯ, ಮೋಟಾರ್ ರಿಪೇರಿ, ಬಣ್ಣ, ಬ್ರೋಕರ್ ಎಂದು 18,000 ಕಳೆದರೆ ಉಳಿಯುವುದು 1,80,000. ಹಾಕಿದ ಹಣದ ಮೇಲೆ ಶೇ 4.5. ಇದರಲ್ಲಿ 25 ಲಕ್ಷ ಬ್ಯಾಂಕ್ ಸಾಲವಾಗಿದ್ದು ಬಡ್ಡಿ ಶೇ 8.5 ಆಗಿದ್ದರೆ ಮೊದಲ ವರ್ಷದ ಬಡ್ಡಿಯೊಂದೇ 2 ಲಕ್ಷ ದಾಟುತ್ತದೆ. ಬಾಡಿಗೆ ಬಡ್ಡಿಯನ್ನೂ ತೀರಿಸದು, ಅಸಲು ಕೈಯಿಂದ. ಹಾಗಾಗಿ ಈ ಸೀಮೆಯಲ್ಲಿ ಬಾಡಿಗೆಯಿಂದಲೇ ಸಾಲ ತೀರುತ್ತದೆ ಎಂದು ಯಾರಾದರೂ ಹೇಳಿದರೆ ಕಾಗದ ಪೆನ್ನು ಕೊಟ್ಟು ಲೆಕ್ಕ ಬರೆಯಲು ಹೇಳಿ. ಸೈಟು ಮೊದಲೇ ಇದ್ದು, ಸಾಲ ಕಡಿಮೆ ಇದ್ದು, ಕಟ್ಟುವ ಖರ್ಚಷ್ಟೇ ಹಾಕುವವರಿಗೆ ಇದೇ ಲೆಕ್ಕ ಶೇ 8, 9ಕ್ಕೆ ಏರಬಹುದು. ಅಪ್ಪನ ಕಾಲದ ಖಾಲಿ ಜಾಗ ಊರೊಳಗೆ ಇಟ್ಟುಕೊಂಡು ಊರಾಚೆ ಲೇಔಟಿನಲ್ಲಿ ಸೈಟು ಕೊಳ್ಳಲು ಹೋಗುವವರು ಇದನ್ನು ಗಮನಿಸಬೇಕು.

ಕಟ್ಟುವಾಗ ಒಂದು ಮಾತು. ಪ್ರತಿ ಪೋರ್ಷನ್ನಿಗೂ ಬೆಸ್ಕಾಂನಿಂದ ಬೇರೆ ಮೀಟರು, ಬೇರೆ ಆರ್‌ಆರ್ ನಂಬರ್ ಹಾಕಿಸಿ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ 200 ಯೂನಿಟ್ ಮಿತಿಯೊಳಗಿನ ಉಚಿತ ವಿದ್ಯುತ್ತು ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ಆಧಾರ್ ಜೋಡಿಸಲು ಅವರಿಗೊಂದು ಪ್ರತ್ಯೇಕ ನಂಬರ್ ಬೇಕು. ಒಂದೇ ಮೀಟರಿಗೆ ಮೂರು ಸಬ್‌ಮೀಟರ್ ಕೂಡಿಸಿದ ಹಳೆಯ ವಠಾರಗಳಲ್ಲಿ ಆ ಲಾಭ ಕೈತಪ್ಪುತ್ತದೆ, ಬಿಲ್ಲಿನ ಜಗಳ ಉಳಿಯುತ್ತದೆ. ಬೇರೆ ಮೀಟರಿನ ಮನೆಗೆ ತಿಂಗಳಿಗೆ ಮುನ್ನೂರು, ನಾಲ್ಕುನೂರು ಹೆಚ್ಚು ಕೊಡಲು ಬಾಡಿಗೆದಾರರು ಹಿಂದೆಗೆಯುವುದಿಲ್ಲ.

ಕೋಲಾರ, ಬೆಂಗಳೂರು ಸೀಮೆಯಲ್ಲಿ ರೂಢಿಯಲ್ಲಿರುವ ಇನ್ನೊಂದು ಪದ್ಧತಿ ಭೋಗ್ಯ. ದೊಡ್ಡ ಮೊತ್ತ ಒಂದೇ ಬಾರಿಗೆ ಕೊಟ್ಟು ಎರಡು, ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಅಷ್ಟೂ ಹಣ ವಾಪಸು. ಮನೆ ಮಾಲೀಕರಿಗೆ ಇದು ಒಮ್ಮೆಗೆ ಕೈತುಂಬ ಸಿಕ್ಕ ಹಣವೆನಿಸುತ್ತದೆ. 6,000 ಬಾಡಿಗೆ ಬರುವ ಮನೆಯನ್ನು 5 ಲಕ್ಷಕ್ಕೆ ಭೋಗ್ಯಕ್ಕೆ ಹಾಕಿದರು ಎನ್ನಿ. ಅವರು ಬಿಟ್ಟುಕೊಟ್ಟ ಬಾಡಿಗೆ ವರ್ಷಕ್ಕೆ 72,000. ಅಂದರೆ ಆ 5 ಲಕ್ಷಕ್ಕೆ ತಿಂಗಳಿಗೆ ನೂರಕ್ಕೆ 1 ರೂಪಾಯಿ 20 ಪೈಸೆ ಬಡ್ಡಿ ತೆತ್ತಂತೆ, ವರ್ಷಕ್ಕೆ ಶೇ 14.4. ಅದೇ ಹಣವನ್ನು ಬ್ಯಾಂಕಿನಲ್ಲಿಟ್ಟರೆ ಅದರ ಅರ್ಧವೂ ಬರದು. ಮೇಲಂತಸ್ತು ಕಟ್ಟಲು ಕೈಸಾಲಕ್ಕಿಂತ ಭೋಗ್ಯ ಮೇಲು ಎನ್ನಬಹುದು, ಆದಾಯದ ದಾರಿ ಎಂದರೆ ಒಪ್ಪಲಾಗದು. ಹಿಂದಿರುಗಿಸುವ ದಿನ ಬಂದಾಗ ಇನ್ನೊಬ್ಬರಿಂದ ಭೋಗ್ಯ ತೆಗೆದು ಇವರಿಗೆ ಕೊಡುವ ಸರಪಳಿಯಲ್ಲಿ ಸಿಕ್ಕಿಕೊಂಡ ಮನೆಗಳು ಬಹಳ.

ಭೋಗ್ಯದ ಹಣ ಕೊಡುವವರ ಅಪಾಯ ಇನ್ನೂ ದೊಡ್ಡದು. ನೋಂದಣಿಯಾಗದ ಭೋಗ್ಯಪತ್ರ ಇಟ್ಟುಕೊಂಡು ಕುಳಿತಿರುವಾಗ ಮಾಲೀಕರು ಅದೇ ಮನೆಯ ಮೇಲೆ ತೆಗೆದ ಬ್ಯಾಂಕ್ ಸಾಲ ಕಟ್ಟದೆ ಹೋದರೆ ಬ್ಯಾಂಕಿನವರು ಬಂದು ಬಾಗಿಲಿಗೆ ನೋಟಿಸ್ ಅಂಟಿಸುತ್ತಾರೆ. ವರ್ಷಗಟ್ಟಲೆ ರೈಲಿನಲ್ಲಿ ಓಡಾಡಿ ಕೂಡಿಟ್ಟ 5 ಲಕ್ಷ ಆ ದಿನ ಬೀದಿಗೆ ಬರುತ್ತದೆ. ಭೋಗ್ಯಕ್ಕೆ ಹೋಗುವವರು ಋಣಭಾರ ಪತ್ರ ತೆಗೆಸಿ ನೋಡಲಿ, ಪತ್ರವನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲಿ. ಖರ್ಚಾಗುತ್ತದೆ, ಆಗಲಿ.

ಮಳಿಗೆ, ಗೋದಾಮುಗಳ ವಿಷಯ ಬೇಗ ಮುಗಿಸಬಹುದು. ಮಳಿಗೆಯಲ್ಲಿ ಬಾಡಿಗೆ ಮನೆಗಿಂತ ಹೆಚ್ಚು, ಅಡ್ವಾನ್ಸ್ ಹೆಚ್ಚು, ರಿಪೇರಿ ಬಾಡಿಗೆದಾರರದೇ. ಖಾಲಿ ಬಿದ್ದರೆ ಮಾತ್ರ ಆರು ತಿಂಗಳು, ವರ್ಷ ಖಾಲಿ. ಹಳೆಯ ಬಾಡಿಗೆದಾರರು ಇರುವ ಮಳಿಗೆ ಕೊಂಡರೆ ಅವರನ್ನು ಎಬ್ಬಿಸುವುದೂ, ಬಾಡಿಗೆ ಏರಿಸುವುದೂ ಕೋರ್ಟಿನ ಕೆಲಸವಾಗಿಬಿಡುತ್ತದೆ. ನಗರಸಭೆ, ಪುರಸಭೆಯ ಮಳಿಗೆಯನ್ನು ಹರಾಜಿನಲ್ಲಿ ಪಡೆದವರಿಂದ ಒಳಬಾಡಿಗೆಗೆ ಹಿಡಿಯುವುದು ಹೂಡಿಕೆಯೇ ಅಲ್ಲ, ಹಕ್ಕಿಲ್ಲದ ಜಾಗಕ್ಕೆ ಹಣ ಕಟ್ಟುವುದು. ಗೋದಾಮಿಗೆ ಎಕ್ಸ್‌ಪ್ರೆಸ್‌ವೇ ನಿಜಕ್ಕೂ ಉಪಯೋಗಿ. ಇಂಟರ್‌ಚೇಂಜಿನ ಬಳಿ, ಲಾರಿ ತಿರುಗುವಷ್ಟು ಅಗಲದ ರಸ್ತೆ ಇರುವ ಪರಿವರ್ತಿತ ಭೂಮಿ ಇದ್ದವರಿಗೆ ಮುಂದಿನ ವರ್ಷಗಳಲ್ಲಿ ಟೊಮೆಟೊ, ಮಾವು, ಇ-ಕಾಮರ್ಸ್ ಸರಕು ಎಲ್ಲವೂ ಬರಬಹುದು. ಅದು ಕೋಟಿಗಳ ವ್ಯವಹಾರ, ಪಿಎಫ್ ಹಣದ್ದಲ್ಲ. ಬೆಂಗಳೂರಿನ ಆಫೀಸು ಕಟ್ಟಡಗಳ ಬಾಡಿಗೆಯಲ್ಲೇ ಪಾಲು ಬೇಕೆನ್ನುವವರಿಗೆ ರೀಟ್‌ಗಳಿವೆ. ದೇಶದ ಮೊದಲನೆಯದಾದ ಎಂಬಸಿ ರೀಟ್ 2019ರಲ್ಲಿ ಷೇರುಪೇಟೆಗೆ ಬಂತು, ಕೆಲವು ನೂರು ರೂಪಾಯಿಗೂ ಒಂದು ಯೂನಿಟ್ ಕೊಳ್ಳಬಹುದು. ಬೆಲೆ ಏರಿಳಿತ ಅದಕ್ಕೂ ಇದೆ, ಬಾಡಿಗೆ ವಸೂಲಿಯ ತಲೆನೋವು ಇಲ್ಲ.

ಕಾಗದದ ಮಾತಿಗೆ ಬಂದರೆ, ಈ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಜಮೀನು ಮಂಜೂರಾತಿಯದೇ ಎಂಬುದನ್ನು. ಪರಿಶಿಷ್ಟರ ಪ್ರಮಾಣ ರಾಜ್ಯದಲ್ಲೇ ಹೆಚ್ಚಿರುವ ಜಿಲ್ಲೆಗಳಲ್ಲಿ ಕೋಲಾರ ಒಂದು. ಭೂಹೀನ ದಲಿತ ಕುಟುಂಬಗಳಿಗೆ ಸರ್ಕಾರ ಕೊಟ್ಟ ಜಮೀನನ್ನು ಅನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲ ಎಂದು 1978ರ ಪಿಟಿಸಿಎಲ್ ಕಾಯಿದೆ ಹೇಳುತ್ತದೆ. ಮಾರಿದ್ದರೆ ಆ ಮಾರಾಟ ಅಸಿಂಧು, ಉಪವಿಭಾಗಾಧಿಕಾರಿ ಜಮೀನನ್ನು ಮೂಲ ಕುಟುಂಬಕ್ಕೆ ಮರಳಿಸಬಹುದು. ಅಂಥ ಅರ್ಜಿಗೆ ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿ ಹೇಳಿತು. ನ್ಯಾಯವಾದ ಕಾಯಿದೆ ಅದು. ಅಂಥ ಜಮೀನಿನ ಮೇಲೆ ಎದ್ದ ಲೇಔಟಿನಲ್ಲಿ ಸೈಟು ಕೊಂಡವರು ಮಾತ್ರ ಕಷ್ಟಕ್ಕೆ ಸಿಲುಕುತ್ತಾರೆ. ಆದ್ದರಿಂದ ಹದಿಮೂರು ವರ್ಷದ ಋಣಭಾರ ಪತ್ರ (ಇಸಿ) ಸಾಲದು, ಮೂಲ ಮಂಜೂರಾತಿಯವರೆಗೆ ಹೋಗಿ. ಭೂ ಪರಿವರ್ತನೆ ಆದೇಶ, ಯೋಜನಾ ಪ್ರಾಧಿಕಾರದ ನಕ್ಷೆ, ಇ-ಖಾತೆ ಮೂರೂ ಕೈಗೆ ಬರಲಿ. 2025ರಲ್ಲಿ ಸರ್ಕಾರ ಅನಧಿಕೃತ ಸೈಟುಗಳಿಗೆ ಕೊಡತೊಡಗಿದ ಬಿ-ಖಾತೆ ಕಂದಾಯ ಕಟ್ಟಲು ಸಿಕ್ಕ ದಾಖಲೆ, ಬಡಾವಣೆಗೆ ಅನುಮೋದನೆ ಸಿಕ್ಕಿತೆಂದು ಅರ್ಥವಲ್ಲ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ, ಮುದ್ರಾಂಕ ಶುಲ್ಕ ಬೇರೆ. ಹಾಕುವ ಹಣದ ಲೆಕ್ಕದಲ್ಲಿ ಇವನ್ನೂ ಸೇರಿಸಿ.

ನೀರಿನ ಬಗ್ಗೆ ಕೋಲಾರದವರಿಗೆ ಹೇಳಬೇಕಾದ್ದಿಲ್ಲ, ಹೊರಗಿನವರಿಗೆ ಹೇಳಬೇಕು. ಸಾವಿರ ಅಡಿ ಕೊರೆದರೂ ನೀರು ಸಿಗದ ಬೋರ್‌ವೆಲ್, ಸಿಕ್ಕರೆ ಫ್ಲೋರೈಡ್. ಬಂಗಾರಪೇಟೆಗೆ 2023ರ ನವೆಂಬರಿನಲ್ಲಿ ಉದ್ಘಾಟನೆಯಾದ ಯರಗೋಳ್ ಅಣೆಕಟ್ಟೆಯ ನೀರಿನ ಯೋಜನೆ ಇದೆ, ಕೆಜಿಎಫ್ ಒಂದು ಶತಮಾನದಿಂದ ಬೇತಮಂಗಲದ ಕಡೆ ನೋಡುತ್ತ ಬಂದಿದೆ. ಯಾವ ಬೀದಿಗೆ ಎಷ್ಟು ದಿನಕ್ಕೊಮ್ಮೆ ನಲ್ಲಿ ನೀರು ಬರುತ್ತದೆ ಎಂದು ಅಕ್ಕಪಕ್ಕದ ಮನೆಯ ಹೆಂಗಸರನ್ನು ಕೇಳಿ. ಟ್ಯಾಂಕರ್ ಹಾಕಿಸುವ ಮನೆಯಲ್ಲಿ ಬಾಡಿಗೆಯ ಒಂದು ಪಾಲು ನೀರಿಗೇ ಹೋಗುತ್ತದೆ. ದೊಡ್ಡ ಸಂಪು, ಮಳೆನೀರಿನ ಕೊಳವೆ ಕಟ್ಟುವಾಗಲೇ ಹಾಕಿಸುವುದು ಒಳಿತು.

ಬಾಡಿಗೆದಾರರ ವಿಚಾರದಲ್ಲಿ ಒಂದು ನೋವಿನ ಮಾತನ್ನೂ ಹೇಳಬೇಕು. ಚಿನ್ನದ ಗಣಿಯನ್ನು ತಮ್ಮ ಶ್ವಾಸಕೋಶ ಕೊಟ್ಟು ನಡೆಸಿದವರಲ್ಲಿ ಹೆಚ್ಚಿನವರು ದಲಿತರು. ಅವರ ಮೊಮ್ಮಕ್ಕಳು ಇಂದು ನರ್ಸು, ಶಿಕ್ಷಕಿ, ಎಂಜಿನಿಯರ್ ಆಗಿ ಬಂದು ಮನೆ ಕೇಳಿದಾಗಲೂ ಅಡ್ವಾನ್ಸಿನ ಮಾತಿಗಿಂತ ಮೊದಲು ನೀವು ಯಾವ ಜನ ಎಂಬ ಪ್ರಶ್ನೆ ಬರುತ್ತದೆ. ಸಸ್ಯಾಹಾರಿಗಳಿಗೆ ಮಾತ್ರ ಎಂಬ ಬೋರ್ಡು ಬಹುಪಾಲು ಅದೇ ಪ್ರಶ್ನೆಯ ಇನ್ನೊಂದು ರೂಪ. ಮನುಷ್ಯತ್ವದ ದೃಷ್ಟಿಯಿಂದ ಇದು ಅನ್ಯಾಯ. ತಿಂಗಳ ಸಂಬಳ ಬರುವ, ಬಾಡಿಗೆ ತಪ್ಪಿಸದ ಕುಟುಂಬಗಳನ್ನು ಹಿಂದಕ್ಕೆ ಕಳಿಸಿ ಮನೆಯನ್ನು ಮೂರು ತಿಂಗಳು ಖಾಲಿ ಇಟ್ಟವರು ತಮ್ಮ ವರ್ಷದ ಆದಾಯದ ಕಾಲುಭಾಗವನ್ನೂ ಕೈಯಾರೆ ಕಳೆದುಕೊಂಡಿರುತ್ತಾರೆ.

ತೆರಿಗೆ ಇಲ್ಲಿ ಹೆಚ್ಚು ಕಾಡುವ ವಿಷಯವಲ್ಲ. ಬಾಡಿಗೆಯಲ್ಲಿ ಕಟ್ಟಿದ ಕಂದಾಯ ಕಳೆದು, ಉಳಿದದ್ದರಲ್ಲಿ ಶೇ 30ರಷ್ಟನ್ನು ಖರ್ಚು ತೋರಿಸದೆಯೇ ಕಳೆಯಬಹುದು, ಸಾಲದ ಬಡ್ಡಿಯನ್ನೂ ಕಳೆಯಬಹುದು. ಹೊಸ ತೆರಿಗೆ ಪದ್ಧತಿಯಲ್ಲಿ ಮಾತ್ರ ಮನೆಯ ನಷ್ಟವನ್ನು ಸಂಬಳದ ಆದಾಯದಿಂದ ಕಳೆಯಲು ಬರುವುದಿಲ್ಲ. ಸಾಲ ಮಾಡಿ ಬಾಡಿಗೆ ಮನೆ ಕಟ್ಟಿ ತೆರಿಗೆ ಉಳಿಸುತ್ತೇನೆ ಎನ್ನುವ ಸಾಫ್ಟ್‌ವೇರ್ ನೌಕರರ ಹಳೆಯ ಲೆಕ್ಕ ಅಲ್ಲಿಗೆ ನಿಂತಿತು.

ಹಣ ನನ್ನದಾಗಿದ್ದರೆ ಬಂಗಾರಪೇಟೆ ಸ್ಟೇಷನ್ನಿಗೆ ನಡೆದು ಹೋಗುವ ದೂರದಲ್ಲಿ, ಬೇರೆ ಬೇರೆ ಮೀಟರಿರುವ ಎರಡು ಮೂರು ಪೋರ್ಷನ್ನಿನ ಹಳೆಯ ಮನೆಯೊಂದನ್ನು, ಸಾಲ ಕಡಿಮೆ ಮಾಡಿ ಕೊಳ್ಳುತ್ತಿದ್ದೆ. ಅದು ಸಿಗದಿದ್ದರೆ ರಾಬರ್ಟ್‌ಸನ್‌ಪೇಟೆಯಲ್ಲಿ ಎಲ್ಲ ವಾರಸುದಾರರೂ ಸಹಿ ಹಾಕುವ ಮಳಿಗೆ-ಮನೆಗೆ ಕಾಯುತ್ತಿದ್ದೆ. ಕಂಪನಿ ಲೈನುಗಳ ಮನೆಗಳನ್ನು ದಯವಿಟ್ಟು ಮುಟ್ಟಬೇಡಿ. ಗಣಿ ಮುಚ್ಚಿ ಇಪ್ಪತ್ತೈದು ವರ್ಷ ಸಂದಿದೆ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಕೈಗಾರಿಕಾ ಪ್ರದೇಶದ ನಕ್ಷೆ ಬರೆಯುವ ಮೊದಲು ಆ ಲೈನುಗಳಲ್ಲಿ ಬದುಕುತ್ತಿರುವ ಕುಟುಂಬಗಳಿಗೆ ಅವರ ಮನೆಯ ಹಕ್ಕುಪತ್ರವನ್ನು ಕೊಟ್ಟು ಮುಗಿಸಬೇಕು.